ಮುದುರುವ ಪುಟ್ಟ ಕಾರ್ಡಿಗೆ ಏನು ಮಾಡೋದು?

ದಾವಣಗೆರೆಯಿಂದ ಕೇಳಿದ್ದೀರಿ: ಆರ್ಟಿಸ್ಟ್ ಟ್ರೇಡಿಂಗ್ ಕಾರ್ಡಿಗೆ (ಕಲಾವಿದರು ತಾವೇ ಬರೆದು ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳೋ ಪುಟ್ಟ ಚಿತ್ರ) ವಾಟರ್‌ಕಲರ್ ಹಚ್ಚಿದರೆ ಮುದುರುತ್ತೆ, ಏನು ಮಾಡಲಿ, ಮಾರಬಹುದಾ ಅಂತ.

ನಿಮ್ಮ ಕಾಗದ ತೀರಾ ತೆಳು ಅನ್ಸುತ್ತೆ. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹಾಳೆ ತಗೊಳ್ಳಿ. ಮೊದಲೇ ಕತ್ತರಿಸಬೇಡಿ. ಇಡೀ ಹಾಳೆಯನ್ನು ಪರೀಕ್ಷೆ ರಟ್ಟಿನ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ. ಬಣ್ಣ ಪೂರ್ತಿ ಒಣಗಿದ ಮೇಲೆ ಕತ್ತರಿಸಿ. ಅಳತೆ 2.5 × 3.5 ಇಂಚು, ಎ4ನಲ್ಲಿ ಒಂಬತ್ತು ಬರುತ್ತವೆ. ಆಮೇಲೂ ಮುದುರಿದರೆ ಹಿಂದೆ ಹಳೇ ಲಗ್ನಪತ್ರಿಕೆ ಅಂಟಿಸಿ. ನಮ್ಮನೆಯಲ್ಲಿ ಅದಕ್ಕೇನೂ ಬರವಿಲ್ಲ!

ನಾನು ಚಿತ್ರದುರ್ಗದವನು. ಮೊದಲು ಒಂದೇ ಕಾರ್ಡಿನಲ್ಲಿ ಇಡೀ ಕೋಟೆಯನ್ನೇ ತುರುಕಲು ಹೋಗಿ ಕೆಡಿಸಿದೆ. ಈಗ ಓಬವ್ವನ ಕಿಂಡಿ ಮಾತ್ರ: ಎರಡು ಬಂಡೆ, ನಡುವೆ ಒಂದು ಕಪ್ಪು ಗೆರೆ. ಇಷ್ಟು ಚಿಕ್ಕ ಜಾಗಕ್ಕೆ ಅಷ್ಟೇ ಜಾಸ್ತಿ.

ಮಾರೋದು ಬೇಡ. 1997ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕಲಾವಿದ ಸ್ಟಿರ್ನೆಮನ್ ಶುರುಮಾಡಿದಾಗಿಂದ ಇದು ಕೊಟ್ಟು ತಗೊಳ್ಳೋ ಆಟ. ಅದೇ ಅಳತೆಯಲ್ಲಿ ಮಾರೋಕೆ ಮಾಡಿದ್ದಕ್ಕೆ ಎಸಿಇಒ (ಆರ್ಟ್ ಕಾರ್ಡ್ಸ್, ಎಡಿಷನ್ಸ್ ಅಂಡ್ ಒರಿಜಿನಲ್ಸ್) ಅಂತಾರೆ. ಹಿಂದೆ ಹೆಸರು, ತಾರೀಖು ಬರೆಯೋದು ಮರೀಬೇಡಿ.

ಹಾಂ, ಆಯಿಲ್ ಪೇಸ್ಟಲ್ ಕಾರ್ಡುಗಳನ್ನು ಒಂದರ ಮೇಲೊಂದು ಇಡಬೇಡಿ. ನನ್ನ ನಾಲ್ಕು ಕಾರ್ಡು ಬೇಸಿಗೆಯಲ್ಲಿ ಅಂಟಿಕೊಂಡೇ ಹೋದವು.