‘ಚಂಚುಪುಟ’ ಬಿಡಿ, ಕೊಕ್ಕು ಹಿಡಿಯಿರಿ

ನಮಸ್ಕಾರ.

‘ಪಕ್ಷಿಗಳ ಚಂಚುಪುಟ: ಪದಗಳ ಪಯಣ’ ಎಂಬ ನಿಮ್ಮ ಲೇಖನ ತಲುಪಿತು. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಹಿಡಿಸಿತು. ಅದಕ್ಕೇ ‘ವಿಷಾದಿಸುತ್ತೇವೆ’ ಅಂತ ಎರಡು ಸಾಲು ಗೀಚಿ ಕಳಿಸದೆ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪುಟ ಪೂರ್ತಿ ತೆಗೆಯಿರಿ. ‘ಪ್ರಕೃತಿಮಾತೆಯ ಮಡಿಲಲ್ಲಿ ವಿಹರಿಸುವ ಖಗಸಂಕುಲ’ದಿಂದ ಹೊರಟು ಕೊಕ್ಕಿನ ಹತ್ತಿರ ಬರುವಷ್ಟರಲ್ಲಿ ಓದುಗ ಎದ್ದು ಹೋಗಿರುತ್ತಾನೆ. ಉದ್ದಕ್ಕೂ ‘ಚಂಚುಪುಟ’ ಯಾಕೆ? ಚಂಚು ಹಳೆಯ ಪದವೇ, ಅಮರಕೋಶದಲ್ಲಿ ‘ತ್ರೋಟಿ’ಯ ಪಕ್ಕದಲ್ಲೇ ಇದೆ. ಆ ಕಥೆ ಹೇಳುವಾಗ ಬಳಸಿ. ಗುಬ್ಬಿ ಕಾಳು ಹೆಕ್ಕುವ ಕಡೆ ಕೊಕ್ಕು ಅಂದರೆ ಸಾಕಲ್ವಾ?

ನನ್ನ ದೊಡ್ಡ ತಕರಾರು ಬೇರೆ. ಕಿವಿಗೆ ಒಂದೇ ಥರ ಕೇಳಿಸಿದ ಪದಗಳನ್ನೆಲ್ಲ ನೀವು ಅಣ್ಣತಮ್ಮಂದಿರನ್ನಾಗಿ ಮಾಡಿಬಿಟ್ಟಿದ್ದೀರಿ. ಇಂಗ್ಲಿಷಿನ ‘ಬೀಕ್’ ನಮ್ಮ ‘ಬಾಯಿ’ಯಿಂದ ಹೋಯಿತು ಅಂತೀರಿ. ಅದು ಬಂದದ್ದು ಫ್ರೆಂಚಿನ ‘ಬೆಕ್’ನಿಂದ, ಅದರ ಹಿಂದೆ ಲ್ಯಾಟಿನ್ನಿನ ‘ಬೆಕ್ಕಸ್’. ಅದಕ್ಕೂ ಮೂಲ, ಇಂದಿನ ಫ್ರಾನ್ಸಿನಲ್ಲಿದ್ದ ಗಾಲ್ ಜನರ ಮಾತು. ರೋಮಿನ ಚರಿತ್ರೆಕಾರ ಸ್ಯೂಟೋನಿಯಸ್ ಒಂದು ಕಡೆ ಬರೆಯುತ್ತಾನೆ: ಅದೇ ಗಾಲ್ ಸೀಮೆಯ ತುಲೂಸ್‌ನಲ್ಲಿ ಹುಟ್ಟಿದ ಆಂಟೋನಿಯಸ್ ಪ್ರೈಮಸ್ ಎಂಬ ಸೇನಾಪತಿಗೆ ಚಿಕ್ಕಂದಿನಲ್ಲಿ ‘ಬೆಕ್ಕೊ’ ಎಂಬ ಅಡ್ಡಹೆಸರಿತ್ತು, ಹಾಗೆಂದರೆ ಹುಂಜದ ಕೊಕ್ಕು ಅಂತ. ಇಂಥದ್ದು ಕೈಯಲ್ಲಿರುವಾಗ ಊಹೆ ಯಾಕೆ ಬೇಕು?

‘ಉದ್ದ ಕೊಕ್ಕು ಇರುವುದರಿಂದ ಕೊಕ್ಕರೆ’ ಎಂಬ ಮಾತಿಗೂ ಇದೇ ಗತಿ. ಕೇಳಲು ಚೆನ್ನಾಗಿದೆ. ಆದರೆ ಪಕ್ಕದ ಮನೆಗಳನ್ನೂ ನೋಡಬೇಕು. ತಮಿಳಿನಲ್ಲಿ ‘ಕೊಕ್ಕು’ ಅಂದರೆ ಕೊಕ್ಕರೆ, ಬಕದಂಥ ಹಕ್ಕಿ; ಅದರ ಕೊಕ್ಕಿಗೆ ‘ಅಲಗು’. ಮಲಯಾಳದಲ್ಲಿ ‘ಕೊಕ್ಕ್’ ಆ ಹಕ್ಕಿಯೂ ಹೌದು, ಕೊಕ್ಕೂ ಹೌದು. ತೆಲುಗಿನಲ್ಲಿ ಹಕ್ಕಿ ‘ಕೊಕ್ಕೆರ’, ಕೊಕ್ಕು ಮಾತ್ರ ‘ಮುಕ್ಕು’. ಕನ್ನಡ ಒಂದನ್ನೇ ಮುಂದಿಟ್ಟುಕೊಂಡು ತೀರ್ಪು ಕೊಟ್ಟರೆ ನಿಲ್ಲುವುದಿಲ್ಲ. ಈ ನಾಲ್ಕನ್ನೂ ಓದುಗರ ಎದುರಿಗೆ ಇಡಿ, ಸಾಕು. ಅದೇ ನಿಮ್ಮ ಲೇಖನದ ಅರ್ಧ ಭಾಗ ಆಗುತ್ತದೆ.

ಆ ‘ಅಲಗು’ ನೋಡಿದಿರಾ? ನಮಗೆ ಅಲಗು ಅಂದರೆ ಕತ್ತಿಯ ಅಲಗು. ತಮಿಳರು ಕೊಕ್ಕಿಗೂ ಅದೇ ಮಾತು ಆಡುತ್ತಾರೆ. ಹತಾರಕ್ಕೆ ಹಕ್ಕಿಯ ಹೆಸರಿಟ್ಟದ್ದೂ ಇದೆ. ಹಳೆಯ ವೈದ್ಯಗ್ರಂಥ ಸುಶ್ರುತ ಸಂಹಿತೆಯಲ್ಲಿ ಮೈಯೊಳಗೆ ಸಿಕ್ಕಿಕೊಂಡದ್ದನ್ನು ಕೀಳುವ ಇಕ್ಕಳಗಳಿಗೆ ಪ್ರಾಣಿ ಪಕ್ಷಿಗಳ ಮುಖದ ಹೆಸರಿದೆ: ಸಿಂಹಮುಖ, ಕಾಕಮುಖ, ಹೀಗೆ. ಅವುಗಳಲ್ಲಿ ಕಂಕಮುಖವೇ ಮೇಲು ಎನ್ನುತ್ತದೆ ಗ್ರಂಥ. ಕಂಕ ಅಂದರೆ ಬಕದ ಜಾತಿಯ ಹಕ್ಕಿ. ಸಲೀಸಾಗಿ ಒಳಗೆ ಹೋಗುತ್ತದೆ, ಗಟ್ಟಿಯಾಗಿ ಹಿಡಿಯುತ್ತದೆ, ಸಲೀಸಾಗಿ ಹೊರಗೆ ಬರುತ್ತದೆ ಎಂಬುದು ಕಾರಣ. ಗದ್ದೆಯ ಬದುವಿನಲ್ಲಿ ಬಕ ಮೀನು ಎತ್ತುವುದನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ. ನೀವು ಇದನ್ನು ಮುಟ್ಟಿಯೇ ಇಲ್ಲ.

ಮೂಗಿನ ಸಂಗತಿಯನ್ನೂ ಬಿಟ್ಟಿದ್ದೀರಿ. ತೆಲುಗಿನ ‘ಮುಕ್ಕು’ ಮೂಗೂ ಹೌದು. ತೋತಾಪುರಿ ಮಾವನ್ನು ತಮಿಳರು ‘ಕಿಳಿಮೂಕ್ಕು’ (ಗಿಣಿಮೂಗು) ಅಂತಾರೆ, ನಾವು ‘ಗಿಣಿಮೂತಿ’. ಉಪ್ಪುಖಾರ ಹಚ್ಚಿ ತಿನ್ನುವ ಆ ಕಾಯಿಯ ತುದಿಯಲ್ಲಿ ಸಣ್ಣ ಕೊಂಕು ಇರುತ್ತದಲ್ಲ, ಅದಕ್ಕೆ. ‘ಗಿಣಿಕೊಕ್ಕು ಮಾವು’ ಅಂತ ಸಂತೆಯಲ್ಲಿ ಕೂಗಿದ್ದನ್ನು ನಾನಂತೂ ಕೇಳಿಲ್ಲ.

ಇನ್ನು ಬಾಯ್ಕಳಕ ಕೊಕ್ಕರೆ. ‘ಇದರ ಚಂಚುಪುಟವು ಅತ್ಯಂತ ವಿಶಿಷ್ಟವಾಗಿದೆ’ ಅಂತ ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಏನು ವಿಶಿಷ್ಟ? ಅದನ್ನಲ್ಲವೇ ಹೇಳಬೇಕಾದದ್ದು! ಕೊಕ್ಕು ಮುಚ್ಚಿದರೂ ನಡುವೆ ಸಂದಿ ಉಳಿಯುತ್ತದೆ, ಆಚೆ ಬದಿಯ ಬೆಳಕು ಕಾಣುತ್ತದೆ. ಮರಿಗಳಿಗೆ ಈ ಸಂದಿ ಇರುವುದಿಲ್ಲ, ಬೆಳೆದಂತೆ ಬರುತ್ತದೆ. ಮುಖ್ಯ ಆಹಾರ ನೀರಿನ ಬಸವನಹುಳು. 1783ರಲ್ಲಿ ಬಾಡರ್ಟ್ ಎಂಬ ಡಚ್ ವಿಜ್ಞಾನಿ ಇದಕ್ಕೆ ‘ಆಸಿಟಾನ್ಸ್’ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಹಾಗೆಂದರೆ ಆಕಳಿಸುವುದು. ನಮ್ಮವರಿಗೂ ಅವನಿಗೂ ಕಣ್ಣಿಗೆ ಬಿದ್ದದ್ದು ಮುಚ್ಚದ ಬಾಯಿಯೇ.

ಮತ್ತೆ ಬರೆಯುವಾಗ ಪದಗಳ ಪಟ್ಟಿ ಬೇಡ. ನಾಲ್ಕೈದು ಪದ ಸಾಕು, ಪ್ರತಿಯೊಂದರ ಹಿಂದೆ ಒಂದು ಹಕ್ಕಿ ಕಾಣಲಿ. ಬಾಯ್ಕಳಕವನ್ನು ಅಂತರ್ಜಾಲದಲ್ಲಿ ನೋಡಿ ಬರೆಯಬೇಡಿ. ರಂಗನತಿಟ್ಟಿಗೆ ಹೋಗಿ, ದೋಣಿಯಲ್ಲಿ ಕೂತು ನೋಡಿ. ಈ ಹಕ್ಕಿಯನ್ನು ಯಾವ ಹೆಸರಿನಲ್ಲಿ ಕರೆಯುತ್ತೀರಿ ಅಂತ ದೋಣಿ ನಡೆಸುವವರನ್ನು ಕೇಳಿ ಬರೆದುಕೊಳ್ಳಿ.

ಹಾಂ, ಫೋಟೋಗಳು. ‘ದಾಂಡೇಲಿಯ ಮಂಗಟ್ಟೆ’ (ಹಾರ್ನ್‌ಬಿಲ್) ಎಂಬ ಸಾಲಿನ ಮೇಲೆ ನೀವು ಹಾಕಿರುವುದು ಟೂಕನ್. ಕೊಕ್ಕು ದೊಡ್ಡದೇ, ಒಪ್ಪಿದೆ. ಆದರೆ ಅದರ ಊರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಬದಲಾಯಿಸಿ ಕಳಿಸಿ.

ಸಂಪಾದಕ