ಲಯದ ಹೊಣೆ ಕೈ ಬದಲಾದ ಬಗೆ

ಪ್ರಶ್ನೆ: 1920ರ ದಶಕದ ಜಾಝ್ ಧ್ವನಿಮುದ್ರಣಗಳಲ್ಲಿ ಲಯ ಕುಪ್ಪಳಿಸುತ್ತಾ ಸಾಗುತ್ತದೆ, 1937–38ರಲ್ಲಿ ಪಿಯಾನೊ ವಾದಕ ಕೌಂಟ್ ಬೇಸಿ ನಡೆಸುತ್ತಿದ್ದ ವಾದ್ಯವೃಂದದಲ್ಲಿ ಅದು ತಡೆಯಿಲ್ಲದೆ ಹರಿಯುತ್ತದೆ. ಈ ವ್ಯತ್ಯಾಸಕ್ಕೆ ಡ್ರಮ್ಸ್ ನುಡಿಸುವ ಶೈಲಿ ಬದಲಾದದ್ದೊಂದೇ ಕಾರಣವೇ?

ಉತ್ತರ: ಡ್ರಮ್ಸ್‌ಗಿಂತ ಮೊದಲು ಬದಲಾದದ್ದು ಮಂದ್ರದ ವಾದ್ಯ, ಆದ್ದರಿಂದ ಅಲ್ಲಿಂದಲೇ ಆರಂಭಿಸಬೇಕು. 1920ರ ದಶಕದ ಅನೇಕ ವಾದ್ಯವೃಂದಗಳಲ್ಲಿ ಆ ಸ್ಥಾನ ಟ್ಯೂಬಾದ್ದಾಗಿತ್ತು. ಉಸಿರಿನಿಂದ ನುಡಿಸಬೇಕಾದ ಈ ಭಾರಿ ವಾದ್ಯ ಸಾಮಾನ್ಯವಾಗಿ ನಾಲ್ಕು ಎಣಿಕೆಗಳಲ್ಲಿ ಒಂದನೆಯದನ್ನೂ ಮೂರನೆಯದನ್ನೂ ಮಾತ್ರ ಹಿಡಿಯುತ್ತಿತ್ತು. ಜೊತೆಗಿದ್ದ ಬ್ಯಾಂಜೊ ಎಂಬ ತಂತಿವಾದ್ಯದ ನಾದ ಜೋರಾಗಿ ಹುಟ್ಟಿ ತಟ್ಟನೆ ಅಡಗಿಬಿಡುತ್ತಿತ್ತು. ನೀವು ಗುರುತಿಸಿರುವ ಕುಪ್ಪಳಿಕೆ ಬಹುಮಟ್ಟಿಗೆ ಇವೆರಡರ ಫಲ. 1925ರಿಂದ ಮೈಕ್ರೊಫೋನ್ ಬಳಸುವ ವಿದ್ಯುತ್ ಧ್ವನಿಮುದ್ರಣ ಬಳಕೆಗೆ ಬಂದ ಮೇಲೆ ಮೆಲುದನಿಯ ಗಿಟಾರ್ ಕೂಡ ಸ್ಪಷ್ಟವಾಗಿ ಕೇಳುವಂತಾಯಿತು, ಮತ್ತು 1930ರ ದಶಕದ ಮೊದಲ ವರ್ಷಗಳಲ್ಲಿ ಗಿಟಾರ್ ಹಾಗೂ ನಿಲ್ಲಿಸಿ ನುಡಿಸುವ ದೊಡ್ಡ ತಂತಿವಾದ್ಯವಾದ ಡಬಲ್ ಬಾಸ್ ಆ ಹಳೆಯ ಜೋಡಿಯ ಜಾಗವನ್ನು ತುಂಬಿದವು.

ಬೇಸಿಯವರ ಬಳಿಯಿದ್ದ ವಾಲ್ಟರ್ ಪೇಜ್ ಡಬಲ್ ಬಾಸ್‌ನಲ್ಲಿ ನಾಲ್ಕೂ ಎಣಿಕೆಗಳನ್ನು ಸಮನಾಗಿ, ಸ್ವರದಿಂದ ಸ್ವರಕ್ಕೆ ಹೆಜ್ಜೆಯಿಡುವಂತೆ ನುಡಿಸಿದರು. ಎಣಿಕೆಯನ್ನು ಬಾಸ್ ಹೊತ್ತುಕೊಂಡದ್ದರಿಂದ ಡ್ರಮ್ಸ್ ವಾದಕ ಜೋ ಜೋನ್ಸ್ ಕಾಲಿನ ದೊಡ್ಡ ಡ್ರಮ್ಮನ್ನು ಹಗುರವಾಗಿ ಮುಟ್ಟಿ, ಲಯವನ್ನು ಹೈ-ಹ್ಯಾಟ್‌ಗೆ ಸಾಗಿಸಲು ಸಾಧ್ಯವಾಯಿತು. ಹೈ-ಹ್ಯಾಟ್ ಎಂದರೆ ಒಂದರ ಮೇಲೊಂದು ಕೂರಿಸಿ ಪೆಡಲ್‌ನಿಂದ ಮುಚ್ಚಿ ತೆರೆಯುವ ಎರಡು ಸಿಂಬಲ್‌ಗಳು, ಅಂದರೆ ಲೋಹದ ತಟ್ಟೆಗಳು. ಜೋನ್ಸ್ ಅವನ್ನು ಪೂರ್ತಿ ಮುಚ್ಚದೆ ನುಡಿಸುತ್ತಿದ್ದುದರಿಂದ ಒಂದು ಪೆಟ್ಟಿನ ನಾದ ಮುಂದಿನ ಪೆಟ್ಟಿನವರೆಗೂ ಉಳಿಯುತ್ತಿತ್ತು. ನಿಮಗೆ ಹರಿವಿನಂತೆ ಕೇಳಿಸುವುದು ಮುಖ್ಯವಾಗಿ ಇದೇ. 1937ರಲ್ಲಿ ಬಂದು ಸೇರಿದ ಫ್ರೆಡಿ ಗ್ರೀನ್, ವಿದ್ಯುತ್ ಸಹಾಯವಿಲ್ಲದ ಗಿಟಾರಿನಲ್ಲಿ ಪ್ರತಿ ಎಣಿಕೆಗೂ ಒಂದು ಸ್ವರಮೇಳ (ಒಟ್ಟಿಗೆ ಮೊಳಗುವ ಹಲವು ಸ್ವರಗಳು) ನುಡಿಸಿ, ಮರುಕ್ಷಣವೇ ಎಡಗೈ ಬೆರಳುಗಳನ್ನು ಸಡಿಲಿಸಿ ಅದನ್ನು ತಡೆಯುತ್ತಿದ್ದರು. ಆ ನಾದ ಬಾಸ್ ಮತ್ತು ಸಿಂಬಲ್‌ಗಳ ನಡುವೆ ಬೆರೆತುಹೋಗುವುದರಿಂದ ಅದನ್ನು ಬೇರ್ಪಡಿಸಿ ಕೇಳುವುದು ಸುಲಭವಲ್ಲ.

ಆದರೆ ಈ ಬದಲಾವಣೆಯ ಅತ್ಯಂತ ಸುಂದರ ಫಲ ಪಿಯಾನೊದಲ್ಲಿದೆ ಎಂದು ನನ್ನ ಅಭಿಪ್ರಾಯ. ಎಡಗೈಯಿಂದ ಮಂದ್ರಸ್ವರವನ್ನೂ ಸ್ವರಮೇಳವನ್ನೂ ಒಂದಾದ ಮೇಲೊಂದರಂತೆ ನುಡಿಸುತ್ತಾ ಲಯ ಕಾಯುವ, ನ್ಯೂಯಾರ್ಕ್‌ನ ಹಾರ್ಲೆಮ್ ಬಡಾವಣೆಯ ಶೈಲಿಯಲ್ಲಿ ಪಳಗಿದ್ದ ಬೇಸಿ, ಆ ಕೆಲಸವನ್ನು ಉಳಿದ ಮೂವರು ಮಾಡುತ್ತಿರುವಾಗ ತಾವೂ ಮಾಡಬೇಕಾಗಿಲ್ಲವೆಂದು ಅರಿತು, ನಾಲ್ಕಾರು ಸ್ವರಗಳನ್ನಷ್ಟೇ ನುಡಿಸಿ ಸುಮ್ಮನಾಗುವ ಧೈರ್ಯ ತೋರಿದರು.

ಎಲ್ಲರೂ ಇದೇ ದಾರಿ ಹಿಡಿಯಲಿಲ್ಲ. ಬೆನ್ನಿ ಗುಡ್‌ಮನ್ ಅವರ ವಾದ್ಯವೃಂದದಲ್ಲಿ ಜೀನ್ ಕ್ರುಪಾ ಡ್ರಮ್ಸ್ ಅನ್ನೇ ವೇದಿಕೆಯ ಆಕರ್ಷಣೆಯಾಗಿಸಿದ್ದರು. 1939ರಲ್ಲಿ ಡ್ಯೂಕ್ ಎಲಿಂಗ್ಟನ್ ಅವರ ವಾದ್ಯವೃಂದವನ್ನು ಸೇರಿದ ಜಿಮ್ಮಿ ಬ್ಲಾಂಟನ್ ಬಾಸ್‌ನಲ್ಲಿಯೂ, ಅದೇ ವರ್ಷ ಗುಡ್‌ಮನ್ ಅವರನ್ನು ಸೇರಿದ ಚಾರ್ಲಿ ಕ್ರಿಶ್ಚಿಯನ್ ವಿದ್ಯುತ್ ಗಿಟಾರಿನಲ್ಲಿಯೂ ತುತ್ತೂರಿ, ಸ್ಯಾಕ್ಸೊಫೋನ್‌ಗಳಿಗೆ ಸರಿಸಾಟಿಯಾದ ಏಕವಾದನವನ್ನು ನುಡಿಸತೊಡಗಿದರು. ಇಬ್ಬರೂ 1942ರಲ್ಲಿ, ಇಪ್ಪತ್ತರ ಹರೆಯದಲ್ಲಿಯೇ ತೀರಿಕೊಂಡರು.

ಸಾಧ್ಯವಾದರೆ ಬೇಸಿಯವರ 1937ರ ‘ಒನ್ ಓ ಕ್ಲಾಕ್ ಜಂಪ್’ ಧ್ವನಿಮುದ್ರಣವನ್ನು ಕೇಳಿ. ಗಾಳಿವಾದ್ಯಗಳು ಆರಂಭವಾಗುವ ಮೊದಲೇ ಬೇಸಿ, ಪೇಜ್, ಜೋನ್ಸ್, ಗ್ರೀನ್ ಈ ನಾಲ್ವರು ಮಾತ್ರ ನುಡಿಸುವ ಭಾಗವಿದೆ; ಮೊದಲ ಬಾರಿ ಪಿಯಾನೊವನ್ನು ಮರೆತು ಬಾಸ್‌ನ ಜಾಡನ್ನಷ್ಟೇ ಹಿಡಿಯಿರಿ.