ಮುತ್ತಜ್ಜ ‘ನೀರಗಂಟಿ’ ಆಗಿದ್ದರಂತೆ, ಹಾಗಂದ್ರೆ ಏನು ಕೆಲಸ?

ಹಳೇ ಕ್ರಯಪತ್ರದಲ್ಲಿ ಮುತ್ತಜ್ಜನ ಹೆಸರಿನ ಮುಂದೆ ‘ನೀರಗಂಟಿ’ ಅಂತ ಇದೆ, ನಿಘಂಟು ನೋಡಿದರೆ ಸಾಕಾ ಎಂದು ಕೇಳಿದ್ದೀರಿ. ನಿಮ್ಮ ಪದದ ಮಟ್ಟಿಗೆ ಸಾಕು. ಕೆರೆಯ ತೂಬು ತೆಗೆದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದವರು ನೀರಗಂಟಿ. ಸುಗ್ಗಿಯಲ್ಲಿ ರೈತರು ಕಣದಲ್ಲೇ ಅಳೆದು ಕೊಡುವ ಕಾಳು, ಕೆಲವು ಕಡೆ ಒಂದಿಷ್ಟು ಇನಾಂ ಜಮೀನು (ಹುದ್ದೆಯ ಸೇವೆಗಾಗಿ ಬಿಟ್ಟುಕೊಟ್ಟ ಜಮೀನು), ಇದೇ ಅವರ ಸಂಬಳ. ನೀರಿನ ಜಗಳದಲ್ಲಿ ಎರಡೂ ಕಡೆಯ ಬೈಗುಳ ಬಿಟ್ಟಿ.

ಆದರೆ ಎಲ್ಲ ಪದವೂ ಇಷ್ಟು ಸುಲಭ ಅಲ್ಲ. ದಕ್ಷಿಣ ಕನ್ನಡದ ಒಂದು ಕಾಗದದಲ್ಲಿ ನಮ್ಮ ಹಿರಿಯರೊಬ್ಬರು ‘ಉಗ್ರಾಣಿ’. ಉಗ್ರಾಣ ಅಂದರೆ ಸಾಮಾನು ಇಡುವ ಕೋಣೆ ಅಲ್ವಾ? ದೇವಸ್ಥಾನದ ಉಗ್ರಾಣದ ಬೀಗದ ಕೈ ಅವರ ಸೊಂಟದಲ್ಲಿತ್ತು ಅಂತ ನಾವೇ ಕತೆ ಕಟ್ಟಿಕೊಂಡಿದ್ದೆವು. ಆಮೇಲೆ ನೋಡಿದರೆ, ಆ ಕಡೆ ಪಟೇಲರ ಕೈಕೆಳಗೆ ಕಂದಾಯದ ಕೆಲಸಕ್ಕೆ ಓಡಾಡುತ್ತಿದ್ದ ಗ್ರಾಮ ಸೇವಕರಿಗೂ ಉಗ್ರಾಣಿ ಅಂತಲೇ ಹೆಸರು. ಅದೇ ಕಾಗದದಲ್ಲಿ ಪಟೇಲರು, ಶಾನುಭೋಗರು, ಅವರ ಹಿಂದೆಯೇ ನಮ್ಮ ಅಜ್ಜ. ಕಣ್ಣೆದುರೇ ಇತ್ತು, ಬೀಗದ ಕೈಯ ಸಂಭ್ರಮದಲ್ಲಿ ಕಾಣಲಿಲ್ಲ.

‘ತೋಟಿ’ಯೂ ಹಾಗೇ. ಹಳ್ಳಿಯ ಲೆಕ್ಕದಲ್ಲಿ ಬೆಳೆ ಕಾಯುವ, ಊರ ಕೆಲಸ ಮಾಡುವ ಸೇವಕ. ಪೇಟೆಯಲ್ಲಿ ಕಕ್ಕಸು ಬಳಿಯುತ್ತಿದ್ದವರಿಗೆ ಅದೇ ಹೆಸರಿತ್ತು. ಕುಲಕರ್ಣಿ, ದೇಸಾಯಿ ಅಂತ ಕಂಡರೆ ಇನ್ನೂ ಹುಷಾರು. ಕೆಲಸ ಹೋಗಿ ಅಡ್ಡಹೆಸರು ಮಾತ್ರ ಉಳಿದಿರಬಹುದು.

ನಿಘಂಟು ಬೇಕೇ ಬೇಕು ಅಂದರೆ ಎರಡು ಹೇಳ್ತೀನಿ: ಕಿಟ್ಟೆಲ್ ಅವರ 1894ರ ಕನ್ನಡ ನಿಘಂಟು, ಮತ್ತು ಕಂದಾಯ, ಕೋರ್ಟು ಪದಗಳಿಗೆ ವಿಲ್ಸನ್ ಅವರ 1855ರ ಪದಕೋಶ. ಎರಡನೆಯದರಲ್ಲಿ ಪದ ಯಾವ ಪ್ರಾಂತ್ಯದ್ದು ಅಂತಲೂ ಅಲ್ಲಲ್ಲಿ ಹೇಳಿರುತ್ತಾರೆ. ಅದೇ ಮುಖ್ಯ.

ನಿಘಂಟಿಗಿಂತ ನಾನು ಜಾಸ್ತಿ ನಂಬುವುದು ಜಮೀನಿನ ಕಾಗದವನ್ನು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು, ಜಾರಿಗೆ ಬಂದದ್ದು 1963ರಲ್ಲಿ. ಆ ಹುದ್ದೆಯ ಇನಾಂ ಜಮೀನನ್ನು ಆಮೇಲೆ ಅದೇ ಮನೆತನದವರಿಗೆ ಮರುಮಂಜೂರು ಮಾಡಿದ್ದುಂಟು. ಆ ಆದೇಶದಲ್ಲಿ ಹುದ್ದೆ ಯಾವುದು ಅಂತ ಬರೆದಿರುತ್ತದೆ. ಅದಕ್ಕೂ ಮೊದಲು ನಿಮ್ಮ ಕ್ರಯಪತ್ರದ ಚೆಕ್ಕುಬಂದಿ, ಅಂದರೆ ಜಮೀನಿನ ಸುತ್ತಲ ಗಡಿಗಳ ವಿವರ, ಓದಿ. ನಾಲ್ಕು ದಿಕ್ಕಿನಲ್ಲಿ ಎಲ್ಲಾದರೂ ‘ನೀರಗಂಟಿ ಇನಾಂ’ ಅಂತ ಇದ್ದರೆ ಆ ಸರ್ವೆ ನಂಬರ್ ಹಿಡಿದುಕೊಂಡು ತಾಲ್ಲೂಕು ಕಚೇರಿಗೆ ಹೋಗಿ.